ತೋಟದ ಕೆರೆಯಲ್ಲಿ ಈಜಿ ಯೂನಿವರ್ಸಿಟಿ ಸ್ವಿಮ್ಮಿಂಗ್ ಕ್ಲಬ್ ಸೇರಿದ್ದು: ನನ್ನ ಅನುಭವ

ಕೊನೆಗೂ ಆಯ್ತು. 2024ರ ಅಕ್ಟೋಬರ್‌ನಲ್ಲಿ, ತಲಕಾವೇರಿ ತೀರ್ಥೋದ್ಭವ ಕಳೆದು ಒಂದು ವಾರಕ್ಕೆ, ಘಟ್ಟದ ಕೆಳಗೆ ನಡೆದ ಟ್ರಯಲ್ಸ್‌ನಲ್ಲಿ 100 ಮೀಟರ್ ಬ್ರೆಸ್ಟ್‌ಸ್ಟ್ರೋಕ್ (ಕಪ್ಪೆ ಈಜು) 1 ನಿಮಿಷ 36 ಸೆಕೆಂಡ್ ಚಿಲ್ಲರೆಗೆ ಮುಗಿಸಿ ಎರಡನೇ ಪ್ಲೇಸ್ ಬಂದೆ, ಯೂನಿವರ್ಸಿಟಿ ಸ್ವಿಮ್ಮಿಂಗ್ ಕ್ಲಬ್‌ಗೆ ತಗೊಂಡ್ರು. ಮೊದಲನೇ ಪ್ಲೇಸ್ ಬಂದವಳು ಆರನೇ ಕ್ಲಾಸಿಂದ ಕೋಚ್ ಹತ್ರ ಕಲಿತವಳು. ನಾನು ಕೊಡಗಿನ ಪಾಲಿಬೆಟ್ಟದ ಕಡೆಯ ನಮ್ಮ ತೋಟದ ಕೆರೆಯಲ್ಲಿ ಕಲಿತವಳು. ಕೆರೆಯಲ್ಲಿ ಪ್ರಾಕ್ಟೀಸ್ ಮಾಡಿ ಪೂಲಲ್ಲಿ ಟೈಮ್ ಬರಲ್ಲ ಅಂತ ಮೂರು ವರ್ಷ ಎಲ್ಲರೂ ಹೇಳಿದ್ರು, ಅದಕ್ಕೇ ಬರೀತಿದೀನಿ. ಬರುತ್ತೆ. ಆದ್ರೆ ಬರೀ ಕೆರೆಯಿಂದ ಬರಲ್ಲ, ಮುಟ್ಟಿ ತಿರುಗಿ ಒದೆಯೋಕೆ ಕೆರೆಗೊಂದು ಗೋಡೆ ಬೇಕು.

ಸ್ಟ್ರೋಕ್ ಹೇಗೆ ಹೊಡೀಬೇಕು ಅನ್ನೋದೆಲ್ಲ ಬರೆಯಲ್ಲ, ಇದನ್ನ ಓದೋರಿಗೆ ಅದು ಗೊತ್ತಿರುತ್ತೆ. ನಂಗೆ ನೀರಿಗೆ ಇಳಿಯೋದು ಕಲಿಸಿದ್ದು ಅಜ್ಜ, ಎರಡು ಬಾಳೆ ದಿಂಡು ಕಟ್ಟಿ. ನಮ್ಮ ಕಡೆ ಹೊಳೆ, ಕೆರೆಯಲ್ಲಿ ಕಲಿತವರೆಲ್ಲ ತಲೆ ಮೇಲಿಟ್ಟು ಕಪ್ಪೆ ಥರಾನೇ ಕೈಕಾಲು ಹೊಡೆದು ಈಜೋದು, ಹಾಗಾಗಿ ಬ್ರೆಸ್ಟ್‌ಸ್ಟ್ರೋಕ್ ನಂದು ಅಂತ ಧೈರ್ಯ ಇತ್ತು. ಕಾಲೇಜಲ್ಲಿ ಪಿಡಿ ಸರ್ (ಆಟ ಪಾಠ ನೋಡ್ಕೊಳ್ಳೋ ದೈಹಿಕ ಶಿಕ್ಷಣದವರು) ಹೈಟ್ ನೋಡಿ ಹಾಕಿಗೆ ಬಾ ಅಂದ್ರು, ಕೊಡಗಲ್ಲಿ ಬೇರೆ ಏನು ಹೇಳ್ತಾರೆ. ಇಲ್ಲ ಸರ್, ಸ್ವಿಮ್ಮಿಂಗ್‌ಗೆ ಹೆಸರು ಕಳಿಸಿ ಅಂದೆ. ಕಳಿಸಿದ್ರು, ಪಾಪ, ಒಂದು ಮಾತೂ ಆಡದೆ.

2022ರ ಟ್ರಯಲ್ಸಲ್ಲಿ ಡಿಸ್‌ಕ್ವಾಲಿಫೈ ಆದೆ, ಅದೂ ಎರಡು ಕಾರಣಕ್ಕೆ. ಟರ್ನ್‌ನಲ್ಲಿ (ಪೂಲಿನ ತುದಿಗೆ ಬಂದು ತಿರುಗೋವಾಗ) ಒಂದೇ ಕೈಲಿ ಗೋಡೆ ಮುಟ್ಟಿದ್ದೆ, ಬ್ರೆಸ್ಟಲ್ಲಿ ಎರಡೂ ಕೈ ಒಟ್ಟಿಗೆ ಮುಟ್ಬೇಕು ಅಂತ ಗೊತ್ತಿತ್ತು, ಆದ್ರೆ ಗೋಡೆ ಅನ್ನೋದನ್ನೇ ಯಾವತ್ತೂ ಮುಟ್ಟಿ ಅಭ್ಯಾಸ ಇಲ್ಲದವಳಿಗೆ ಆ ಗಡಿಬಿಡೀಲಿ ನೆನಪಾಗುತ್ತಾ. ಇನ್ನೊಂದು, ಎಡಗಾಲು ಹೊರಗೆ ತಿರುಗ್ತಾನೇ ಇರ್ಲಿಲ್ಲ, ಕತ್ತರಿ ಥರ ಹೊಡೀತಿತ್ತು. ಹೀಗೆ ಹೊಳೆ, ಕೆರೆಯಲ್ಲಿ ಕಲಿತ ಎಷ್ಟೋ ಜನಕ್ಕೆ ಈ ದೋಷ ಇರುತ್ತೆ. ನೀರಿಂದ ಮೇಲೆ ಬಂದಾಗ ಒಬ್ಬ ಆಫೀಶಿಯಲ್ ಎಲ್ಲರ ಎದುರಿಗೇ "ಇದು ದೇವರ ಕೆರೆ ಅಲ್ಲಮ್ಮ" ಅಂದ್ರು. ಬಸ್ಸಲ್ಲಿ ಸಂಪಾಜೆ ಘಾಟಿ ಹತ್ತೋವರೆಗೂ ಅತ್ತೆ. ಆ ಮಾತನ್ನ ಇವತ್ತಿಗೂ ಮರೆತಿಲ್ಲ.

ಆಮೇಲಿನ ಬೇಸಿಗೆಗೆ ಒಂದು ಕೋಚಿಂಗ್ ಕ್ಯಾಂಪಿಗೆ 3,500 ಕಟ್ಟಿದೆ, ಯಾವುದು ಅಂತ ಬೇಡ. ಇಪ್ಪತ್ತು ದಿನ ನಾಲ್ಕಡಿ ನೀರಲ್ಲಿ ಚಿಕ್ಕ ಮಕ್ಕಳ ಜೊತೆ ಬೋರ್ಡ್ ಹಿಡಿದು ಕಾಲು ಬಡಿಸಿದ್ರು ಅಷ್ಟೇ. ಆನ್‌ಲೈನಲ್ಲಿ ಕೈಗೆ ಹಾಕೋ ಪ್ಯಾಡಲ್ಲು, ಈಜೋವಾಗ ಹಿಂದಕ್ಕೆ ಎಳೆಯೋ ಹಾಗೆ ಸೊಂಟಕ್ಕೆ ಕಟ್ಟೋ ಪ್ಯಾರಾಚೂಟು ಅಂತ 2,800 ಹೋಯ್ತು, ಪ್ಯಾರಾಚೂಟ್ ಎರಡೇ ವಾರಕ್ಕೆ ಕೆರೆ ಅಂಚಿನ ಬೇರಿಗೆ ಸಿಕ್ಕಿ ಹರಿದುಹೋಯ್ತು. ಇವೆರಡು ದುಡ್ಡು ನೆನೆಸ್ಕೊಂಡ್ರೆ ಈಗ್ಲೂ ಹೊಟ್ಟೆ ಉರಿಯುತ್ತೆ.

ಆಮೇಲೆ ಯಾರನ್ನೂ ಕೇಳ್ಲಿಲ್ಲ. ಕಾಲಿಂದ ಶುರು ಮಾಡಿದೆ. ಕಣದಲ್ಲಿ ಕಾಫಿ ಚೀಲ ಎರಡು ಒಂದರ ಮೇಲೊಂದು ಹಾಕಿ ಅದರ ಮೇಲೆ ಬೋರಲು ಮಲಗಿ ಒದೆಯೋದು, ತಂಗಿ ಹಿಂದಿನಿಂದ ಮೊಬೈಲಲ್ಲಿ ವಿಡಿಯೋ ಮಾಡೋದು, ಇಬ್ಬರೂ ಕೂತು ಸ್ಲೋ ಮಾಡಿ ನೋಡೋದು. ಎಡ ಪಾದದ ಹೆಬ್ಬೆರಳು ಕೆಳಗೆ ನೋಡ್ತಿತ್ತು, ಬಲದ್ದು ಹೊರಗೆ ನೋಡ್ತಿತ್ತು. ದಿನಕ್ಕೆ ಇನ್ನೂರು ಸಲ ಅಂತ ಸುಮಾರು ಎರಡು ತಿಂಗಳು ಮಾಡಿದೀನಿ, ನೀರಲ್ಲಿ ತೊಡೆ ಮಧ್ಯ ಥರ್ಮೋಕೋಲ್ ತುಂಡು ಇಟ್ಕೊಂಡು ಬೇರೆ. ಕಣದಲ್ಲಿ ಹೀಗೆ ಮಲಗಿರೋದು ನೋಡಿ ಕೆಲಸದವರೆಲ್ಲ ಅವ್ವನ್ನ ಕೇಳ್ತಿದ್ರಂತೆ, ಅಮ್ಮ, ಮಗಳಿಗೆ ಬೆನ್ನು ನೋವಾ ಅಂತ.

ಇನ್ನು ಟ್ಯೂಬು. ಬೈಕಿನ ಹಳೇ ಟ್ಯೂಬ್ ಸೀಳಿ ಉದ್ದುದ್ದ ಪಟ್ಟಿ ಮಾಡಿ, ಒಂದು ತುದಿ ಏರಿ ಮೇಲಿನ ಸಿಲ್ವರ್ ಓಕ್‌ಗೆ, ಇನ್ನೊಂದು ತುದಿ ಸೊಂಟದ ಬೆಲ್ಟಿಗೆ ಕಟ್ಟಿ ನಿಂತಲ್ಲೇ ಈಜೋದು. ಇದನ್ನ ಎಷ್ಟೋ ಜನ ಮಾಡ್ತಾರೆ, ಹೊಸದೇನಲ್ಲ. ಎಲ್ಲರೂ ತಪ್ಪೋದು ಗಂಟು ಹಾಕೋದ್ರಲ್ಲಿ, ಸೊಂಟ ಕೆಳಗೆ ಎಳೆದು ಕಾಲು ಮುಳುಗಿಬಿಡುತ್ತೆ. ನಂಗೆ ಒಂದು ಕಟ್ಟು ಸಿಕ್ಕಿದೆ, ಸೊಂಟ ಮೇಲೇ ಇರುತ್ತೆ, ಅದನ್ನ ಇಲ್ಲಿ ಬರೆಯಲ್ಲ, ಎದುರು ಸಿಕ್ಕವರಿಗೆ ತೋರಿಸ್ತೀನಿ. ಟ್ಯೂಬಿಗೆ ಪಂಕ್ಚರ್ ಅಂಗಡೀಲಿ ಒಂದಷ್ಟು ಫ್ರೀ, ಒಂದಷ್ಟಕ್ಕೆ ಮುನ್ನೂರು ರೂಪಾಯಿ ಆಯ್ತೇನೋ.

2023ಕ್ಕೆ ಕಾಲು ಸರಿ ಇತ್ತು, ದಮ್ಮೂ ಇತ್ತು, ಕೆರೆಯಲ್ಲಿ ನೂರು ಮೀಟರಿಗೆ 1.40, ಅಂದ್ರೆ 1 ನಿಮಿಷ 40 ಸೆಕೆಂಡ್, ಬರ್ತಿತ್ತು. ಟ್ರಯಲ್ಸಲ್ಲಿ 1.46. ಕ್ಲಬ್ಬಿಗೆ ತಗೊಂಡ ಕೊನೆಯವಳು 1.42 ಮಾಡಿದ್ಲು. ಆರು ಸೆಕೆಂಡ್ ಎಲ್ಲಿಗೆ ಹೋಯ್ತು ಅಂತ ಒಂದು ವಾರ ನಿದ್ದೆ ಬರ್ಲಿಲ್ಲ. ಕೆರೆ ಅಳೆದಿದ್ದು ಸ್ಪ್ರಿಂಕ್ಲರ್ ಪೈಪಲ್ಲಿ, ಇಪ್ಪತ್ತಡಿಯ ಅಲ್ಯೂಮಿನಿಯಂ ಪೈಪು ನಾಲ್ಕು ಜೋಡಿಸಿದ್ರೆ 25 ಮೀಟರ್ ಅಂತ ಚಿಕ್ಕಪ್ಪ ಹೇಳಿದ್ರು, ನಾನು ನಂಬಿದ್ದೆ. 25 ಮೀಟರ್ ಅಂದ್ರೆ 82 ಅಡಿ. ನಾಲ್ಕು ಪೈಪು 80 ಅಡಿ, ಅದರಲ್ಲೂ ಕಪ್ಲಿಂಗ್ ಒಳಗೆ ಹೋಗೋದು ಮೂರು ಕಡೆ ಸೇರಿ ಒಂದಡಿ. ಅಂದ್ರೆ ನೂರು ಮೀಟರಿಗೆ ಮೂರೂವರೆ ಮೀಟರ್ ಕಮ್ಮಿ ಈಜ್ತಿದ್ದೆ! ನಾಲ್ಕು ಸೆಕೆಂಡ್ ಅಲ್ಲೇ ಹೋಯ್ತು. ಹೊಸದಾಗಿ ಮಾಡೋರು ದಯವಿಟ್ಟು ಟೇಪಲ್ಲೇ ಅಳೀರಿ.

ನನ್ನ ಲೆಕ್ಕದಲ್ಲಿ ಉಳಿದ ಎರಡು ಸೆಕೆಂಡ್ ಟರ್ನ್‌ದು. 25ರ ಪೂಲಲ್ಲಿ ನೂರು ಮೀಟರಿಗೆ ಮೂರು ಟರ್ನು. ಗೋಡೆ ಒದ್ದು, ನೀರೊಳಗೆ ಒಂದು ಉದ್ದ ಎಳೆತ, ಒಂದು ಡಾಲ್ಫಿನ್ ಕಿಕ್, ಆಮೇಲೆ ಬ್ರೆಸ್ಟ್ ಕಿಕ್ ಹೊಡೆದು ಮೇಲೆ ಬರೋದು, ಇಷ್ಟರಲ್ಲೇ ಪೂಲ್ ಹುಡುಗೀರು ಏಳೆಂಟು ಮೀಟರ್ ಹೋಗ್ಬಿಡ್ತಾರೆ. ನಾನು ಮೂರೋ ನಾಲ್ಕೋ. ಕೆರೆಯಲ್ಲಿ ಒದೆಯೋಕೆ ಏನಿದೆ, ಮಣ್ಣಿನ ಏರಿ.

ಮೊದಲು ಹಲಗೆ ಹೊಡೆಸಿದೆ. ಸಿಲ್ವರ್ ಓಕ್ ಹಲಗೆ ನಾಲ್ಕು ಸೇರಿಸಿ ಹಿಂದಕ್ಕೆ ಗೂಟ ಕೊಟ್ಟು ನಿಲ್ಲಿಸಿದ್ವಿ. ಹತ್ತು ದಿನಕ್ಕೆ ಪಾಚಿ ಹಿಡಿದು ಕಾಲು ಜಾರೋಕೆ ಶುರು. ಗೋಣಿ ತಾಟು ಹೊಡೆದೆ, ಮೊಳೆ ಎದ್ದು ಹಿಮ್ಮಡಿ ಸೀಳ್ತು, ಮೂರು ಹೊಲಿಗೆ. ಅದು ವಾಸಿ ಆಗಿ ಬರೋ ಹೊತ್ತಿಗೆ ಒಂದು ರಾತ್ರಿ ಆನೆ ನೀರಿಗಿಳಿದು ಹಲಗೆ, ಗೂಟ ಎಲ್ಲ ತುಳಿದು ಹೋಗಿತ್ತು. ಬೆಳಗ್ಗೆ ಏರಿ ಮೇಲೆ ಲದ್ದಿ, ಇನ್ನೂ ಹಬೆ ಆಡ್ತಿತ್ತು, ಹಲಗೆ ಒಂದು ಕೆರೆ ಮಧ್ಯ ತೇಲ್ತಿತ್ತು. ನಮ್ಮ ಕಡೆ ಇದು ಮಾಮೂಲಿ. ಅರಣ್ಯ ಇಲಾಖೆಯವರ ವಾಟ್ಸಾಪ್ ಮೆಸೇಜ್ ನೋಡದೆ, ಏಳು ಗಂಟೆ ಬೆಳಕು ಆಗದೆ ನಾನು ಕೆರೆ ಕಡೆ ಹೋಗಲ್ಲ. ಒಬ್ಬಳೇ ನೀರಿಗೆ ಇಳಿಯಲ್ಲ ಅನ್ನೋದೂ ಅಷ್ಟೇ ಕಡ್ಡಾಯ, ತಂಗಿ ದಡದಲ್ಲಿ ಲಾರಿ ಟ್ಯೂಬು, ಹಗ್ಗ ಇಟ್ಕೊಂಡು ಕೂರ್ತಾಳೆ, ಮಧ್ಯದಲ್ಲಿ ಹನ್ನೆರಡಡಿ ನೀರು. ಕೊಡಗಲ್ಲಿ ಪ್ರತಿ ವರ್ಷ ಹೊಳೆಯಲ್ಲಿ, ಜಲಪಾತದಲ್ಲಿ ಜೀವ ಹೋಗೋದು ನೋಡ್ತಾನೇ ಇದೀವಿ, ಇದರಲ್ಲಿ ಮಾತ್ರ ಯಾರೂ ಧೈರ್ಯ ತೋರಿಸ್ಬೇಡಿ.

ಗೋಡೆ ಐಡಿಯಾ ಬಂದಿದ್ದು 2024ರ ಫೆಬ್ರವರಿ ಕೊನೆಗೆ. ರೋಬಸ್ಟಾ ಕಾಫಿ ಹೂ ಬಿಡ್ಲಿ ಅಂತ ನೀರು ಕೊಡೋಕೆ ಅಪ್ಪ ಹಗಲು ರಾತ್ರಿ ಪಂಪ್ ಓಡಿಸಿದ್ರು, ಕೆರೆ ಇಳೀತಾ ಇಳೀತಾ ಒಂದು ಕಡೆ ತಳದ ಕೆಸರು ಬಿರುಕು ಬಿಡೋಕೆ ಶುರುವಾಯ್ತು. ಪ್ರತಿ ವರ್ಷ ಇದೇ ಟೈಮಿಗೆ ಪ್ರಾಕ್ಟೀಸ್ ನಿಂತುಹೋಯ್ತಲ್ಲ ಅಂತ ಬೈಕೊಳ್ತಿದ್ದೆ, ಆ ದಿನ ಒಣಗಿದ ಕೆರೆ ನೋಡ್ತಾ ನಿಂತಿದ್ದಾಗ ಹೊಳೀತು, ನೀರಿಲ್ಲದಾಗ ತಾನೇ ಕಟ್ಟಬೇಕಾದ್ದು! ಅಪ್ಪನ್ನ ಕೇಳಿದೆ. "ಕೆರೆ ಒಳಗೆ ಯಾರಾದ್ರೂ ಗೋಡೆ ಕಟ್ತಾರಾ, ಒಂದು ಮಳೆಗಾಲ ನಿಲ್ಲಲ್ಲ" ಅಂದ್ರು. ಚಿಕ್ಕಪ್ಪ ದುಡ್ಡು ನೀರಿಗೆ ಹಾಕ್ದಂಗೆ ಅಂದ್ರು. ಅವ್ವ ಮಾತ್ರ, ಅವಳ ಮೆಣಸಿನ ದುಡ್ಡು ಅವಳು ಏನಾದ್ರೂ ಮಾಡ್ಲಿ ಅಂದ್ರು. ಮನೆ ಹಿಂದಿನ ಹತ್ತು ಬಳ್ಳಿ ಮೆಣಸು ನಂದು ಅಂತ ಮೊದಲಿಂದ ಇದೆ, ಆ ಸಲ ಸುಮಾರು 20 ಕೆಜಿ ಒಣ ಮೆಣಸು, ಕೆಜಿಗೆ 550ರ ಆಸುಪಾಸು ಸಿಕ್ತು.

ಎರಡಡಿ ಪಾಯ ತೋಡಿ, ದಪ್ಪ ಕಲ್ಲು ಹಾಕಿ, ಸಾಲಿಡ್ ಬ್ಲಾಕಲ್ಲಿ ಆರಡಿ ಅಗಲ, ಐದಡಿ ಎತ್ತರ. ಹಿಂದುಗಡೆಗೆ ಎರಡು ಆಸರೆ ಗೋಡೆ, ಏರಿಗೆ ತಾಗದ ಹಾಗೆ ಸ್ವಲ್ಪ ದೂರ, ತಾಗಿಸಿದ್ರೆ ಏರಿ ಕುಸಿದಾಗ ಇದನ್ನೂ ತಳ್ಳುತ್ತೆ. ಮುಖಕ್ಕೆ ನುಣ್ಣಗೆ ಪ್ಲಾಸ್ಟರ್ ಮಾಡ್ಬೇಡಿ ಅಂತ ಮೇಸ್ತ್ರಿಗೆ ಕೂಗಿ ಕೂಗಿ ಹೇಳಿದೆ. ಹಸಿ ಗಾರೆ ಮೇಲೆ ನಾನೇ ತೆಂಗಿನ ಪೊರಕೆಯಲ್ಲಿ ಅಡ್ಡ ಅಡ್ಡ ಗೀರು ಎಳೆದೆ, ಆ ಗೀರಲ್ಲೇ ಈಗ ಬೆರಳು ಕಚ್ಚುತ್ತೆ, ಪಾಚಿ ಬಂದ್ರೂ ಶನಿವಾರ ಒಂದ್ಸಲ ಬ್ರಶ್ ಹಾಕಿದ್ರೆ ಸಾಕು. ಒಟ್ಟು 11,500 ಆಯ್ತು ಅಂತ ನೆನಪು, ಅದರಲ್ಲಿ ಅರ್ಧ ಕೂಲಿ. ಮೆಣಸಿನ ದುಡ್ಡಿಗೆ ಹೆಚ್ಚು ಕಮ್ಮಿ ಸರಿಹೋಯ್ತು.

ಕೆರೆ ತುಂಬೋಕೆ ಜೂನ್ ಕೊನೆ ಆಯ್ತು. ಅಲ್ಲೀವರೆಗೂ, ಮತ್ತೆ ಜುಲೈ ಮಳೇಲಿ, ತಿಂಗಳಿಗೆ ಎರಡು ಮೂರು ಸಲ ಗೋಣಿಕೊಪ್ಪದಿಂದ ಮೈಸೂರಿಗೆ ಹೋಗಿ ಒಂದು ಪೂಲಲ್ಲಿ ಗಂಟೆ ಲೆಕ್ಕದಲ್ಲಿ ಈಜ್ತಿದ್ದೆ. 2023ರ ಜೂನಲ್ಲಿ ಶಕ್ತಿ ಯೋಜನೆ ಬಂದಿದ್ದು ನಂಗೆ ವರ ಆಯ್ತು, ಬಸ್ಸಿಗೆ ಪೈಸೆ ಇರ್ಲಿಲ್ಲ, ಪೂಲಿಗೆ ಮಾತ್ರ ನೂರು ಚಿಲ್ಲರೆ ಆಗ್ತಿತ್ತು. ಮೊದಲಾಗಿದ್ರೆ ಬಸ್ ಚಾರ್ಜಲ್ಲೇ ಮುಗಿದುಹೋಗ್ತಿದ್ದೆ. ಕಕ್ಕಡ 18ಕ್ಕೆ, ಅಂದ್ರೆ ಆಗಸ್ಟ್ ಮೊದಲ ವಾರ, ಮದ್ದು ಸೊಪ್ಪಿನ ಪಾಯಸ ತಿಂದು, ಮಳೆ ಸ್ವಲ್ಪ ಬಿಟ್ಟ ಮೇಲೆ ಕೆರೆಗಿಳಿದೆ. ಗೋಡೆ ಅಲ್ಲಾಡಿರ್ಲಿಲ್ಲ. ಅಪ್ಪ ಛತ್ರಿ ಹಿಡ್ಕೊಂಡು ಬಂದು ನೋಡಿದ್ರು, ಒದ್ದು ನೋಡು ಅಂದ್ರು, ಒದ್ದೆ, ಮೇಲೆ ಬಂದು ತಿರುಗಿ ನೋಡಿದ್ರೆ ಆರು ಮೀಟರಿನ ಗುರುತು ದಾಟಿದ್ದೆ. ಅಪ್ಪ ಏನೂ ಅನ್ನಲಿಲ್ಲ, ಇನ್ನೊಂದ್ಸಲ ಅಂದ್ರು.

ಆಮೇಲಿಂದ ಟ್ರಯಲ್ಸ್‌ವರೆಗೂ ದಿನಕ್ಕೆ 40 ಟರ್ನ್. ಗೋಡೆ ಒಂದೇ ಕಡೆ ಇರೋದ್ರಿಂದ ಹತ್ತು ಮೀಟರ್ ದೂರದಿಂದ ಬಂದು ಎರಡು ಕೈ ಮುಟ್ಟಿ, ತಿರುಗಿ, ಒದ್ದು, ಮೇಲೆ ಬಂದು ನಿಲ್ಲಿಸೋದು. ಕೊನೇ ಐದು ಮೀಟರಲ್ಲಿ ಅರ್ಧ ಸ್ಟ್ರೋಕ್ ಉಳಿಯದ ಹಾಗೆ ಗೋಡೆಗೆ ಸರಿಯಾಗಿ ಬರೋಕೆ ನಂದೇ ಒಂದು ಲೆಕ್ಕ ಇದೆ. ಅದು ಸದ್ಯಕ್ಕೆ ನನ್ನ ಹತ್ರಾನೇ ಇರ್ಲಿ, ಮುಂದಿನ ಮೀಟ್ ಮುಗೀಲಿ.

ನಡುವೆ ಏನೇನೋ ಮಾಡಿ ನೋಡಿದೀನಿ. ಅಡಿಕೆ ಹಾಳೆ ಕತ್ತರಿಸಿ ಕೈಗೆ ಪ್ಯಾಡಲ್ ಮಾಡಿದೆ, ನೀರು ಚೆನ್ನಾಗಿ ಹಿಡಿಯುತ್ತೆ ಆದ್ರೆ ಮೂರು ದಿನಕ್ಕೆ ಮೆತ್ತಗಾಗುತ್ತೆ. ಆಮೇಲೆ ಎಣ್ಣೆ ಕ್ಯಾನಿನ ಪ್ಲಾಸ್ಟಿಕ್ ಕತ್ತರಿಸಿ ತೂತು ಹೊಡೆದಿದ್ದೇ ಈಗ್ಲೂ ಇದೆ. ಜನವರಿ ಚಳಿಗೆ ಮೈಗೆ ತೆಂಗಿನೆಣ್ಣೆ ಹಚ್ಚಿದೆ, ಗಾಗಲ್ಸ್ ಜಾರಿ ಬೇಡ ಅನ್ನಿಸ್ತು. ಜನವರಿಯಲ್ಲಿ ನೀರಿಗಿಂತ ಗಾಳಿನೇ ಥಂಡಿ, ಕೆರೆ ಮೇಲೆ ಹೊಗೆ ಆಡ್ತಿರುತ್ತೆ, ಮುಳುಗಿಬಿಟ್ರೆ ಬೆಚ್ಚಗಿರುತ್ತೆ, ಹೊರಗೆ ಬರೋವಾಗಲೇ ಕಷ್ಟ. ಬೆಲ್ಲದ ಕಾಪಿ ಕುಡಿದು ಅರ್ಧ ಗಂಟೆಗೆ 50 ಮೀಟರ್ ಹೊಡೆದ್ರೆ ಅರ್ಧ ಸೆಕೆಂಡ್ ಕಮ್ಮಿ ಬರುತ್ತೆ ಅಂತ ನಂಗೆ ಅನ್ಸುತ್ತೆ, ಸ್ಟಾಪ್‌ವಾಚ್ ಹಿಡಿಯೋ ತಂಗಿ ಒಪ್ಪಲ್ಲ. ಟ್ರಯಲ್ಸ್ ದಿನ ಫ್ಲಾಸ್ಕಲ್ಲಿ ತಗೊಂಡೇ ಹೋಗಿದ್ದೆ.

ಕಾಸ್ಟ್ಯೂಮ್ ಎರಡು, ಗಾಗಲ್ಸ್ ಮೂರು, ಪೂಲ್ ಫೀಸು, ಗೋಡೆ, ಕ್ಯಾಂಪಲ್ಲಿ ಕಳ್ಕೊಂಡಿದ್ದು ಎಲ್ಲ ಸೇರಿ ಮೂರು ವರ್ಷಕ್ಕೆ 26 ಸಾವಿರದ ಹತ್ರ ಆಗಿದೆ. ಬೆಂಗಳೂರಿನ ಧಿನಿಧಿ ದೇಸಿಂಘು 14ನೇ ವಯಸ್ಸಿಗೇ ಪ್ಯಾರಿಸ್ ಒಲಿಂಪಿಕ್ಸಲ್ಲಿ ಈಜಿದ್ರು, ನಾನು ಮೊದಲನೇ ಸಲ ಲೇನ್ ಹಗ್ಗ ಕಟ್ಟಿದ ಪೂಲಿಗೆ ಇಳಿದಿದ್ದೇ 18ಕ್ಕೆ. ಅವರ ಜೊತೆ ಹೋಲಿಸ್ಕೊಳ್ತಿಲ್ಲ. ಆದ್ರೆ ಪೂಲೇ ಇಲ್ಲದ ಊರಿಂದ ಸುಮಾರು ಹತ್ತು ಸೆಕೆಂಡ್ ಒಂದೇ ವರ್ಷದಲ್ಲಿ ಇಳಿಸಿದೀನಿ, ಕ್ಲಬ್ಬಲ್ಲಿ ಇರೋ ಬೇರೆ ಯಾರೂ ಆ ವರ್ಷ ಅಷ್ಟು ಇಳಿಸಿಲ್ಲ.

ಈಗ ಬರೋ ಮಾರ್ಚಲ್ಲಿ ಕೆರೆ ಬತ್ತಿದಾಗ ಆ ಕಡೆಗೂ ಗೋಡೆ ಏಳ್ಬೇಕು. ಟೇಪ್ ಹಿಡಿದು ಗೂಟ ಹೊಡೆದಿದ್ದಾಗಿದೆ, 82 ಅಡಿ ಸರಿಯಾಗಿ. ಬ್ಲಾಕ್ ದುಡ್ಡು ಈ ಸಲ ಚಿಕ್ಕಪ್ಪ ಕೊಡ್ತೀನಿ ಅಂದಿದಾರೆ.