ಹಳೆಯ ಕಾರಿನ ಚಕ್ರದ ಮುಚ್ಚಳದ ಕಿರಿಕಿರಿ ಸದ್ದನ್ನು ನಿವಾರಿಸುವ ಬಗೆ

ಹಳೆಯ ಕಾರನ್ನು ಕಿಟಕಿಯ ಗಾಜು ಇಳಿಸಿಕೊಂಡು, ಉದ್ದನೆಯ ಗೋಡೆಯೊಂದರ ಪಕ್ಕದಲ್ಲಿ ನಿಧಾನವಾಗಿ ಓಡಿಸಿದಾಗ, ಚಕ್ರದ ಕಡೆಯಿಂದ ಹೊರಟು ಗೋಡೆಗೆ ಬಡಿದು ಹಿಂದಿರುಗುವ ಒಂದು ‘ಕಿರ್... ಕಿರ್...’ ಸದ್ದು ಅನೇಕರಿಗೆ ಪರಿಚಿತ. ವೇಗ ಹೆಚ್ಚಿದಂತೆ ಅದೂ ಚುರುಕಾಗುತ್ತದೆ. ತಿರುವಿನಲ್ಲಿ ಜೋರಾಗುತ್ತದೆ, ಇಲ್ಲವೇ ತಟ್ಟನೆ ನಿಲ್ಲುತ್ತದೆ. ಮೊದಲ ಅನುಮಾನ ಬೇರಿಂಗಿನ ಮೇಲೆಯೋ ಬ್ರೇಕಿನ ಮೇಲೆಯೋ ಹೋಗುವುದು ಸಹಜವಾದರೂ, ಈ ಸದ್ದಿಗೆ ಎಷ್ಟೋ ಬಾರಿ ಕಾರಣವಾಗಿರುವುದು ಚಕ್ರದ ಅಂದಕ್ಕೆಂದು ಕೂರಿಸಿದ ವೀಲ್ ಕವರ್, ಹಬ್ ಕ್ಯಾಪ್ ಅಥವಾ ರಿಮ್ಮಿನ ಅಂಚಿಗೆ ಹಾಕುವ ಹೊಳೆಯುವ ಬಳೆ.

ಸದ್ದು ಏಕೆ ಹುಟ್ಟುತ್ತದೆ ಎಂಬುದನ್ನು ತಿಳಿಯದೆ ರಿಪೇರಿಗೆ ಕೈಹಾಕಿದರೆ ಶ್ರಮ ವ್ಯರ್ಥವಾಗುತ್ತದೆ. ಉಕ್ಕಿನ ಚಕ್ರ ನೋಡಲು ಗಟ್ಟಿಯಾಗಿದ್ದರೂ ಕಾರಿನ ಭಾರದ ಅಡಿಯಲ್ಲಿ ಕೂದಲೆಳೆಯಷ್ಟು ಬಾಗುತ್ತಲೇ ಇರುತ್ತದೆ, ಮತ್ತು ಚಕ್ರ ಉರುಳಿದಂತೆ ಆ ಬಾಗು ರಿಮ್ಮಿನ ಸುತ್ತ ಸಾಗುತ್ತದೆ. ಮುಚ್ಚಳವಾದರೋ ತನ್ನ ಹಿಂಬದಿಯ ಸ್ಪ್ರಿಂಗ್ ಹಲ್ಲುಗಳಿಂದ ರಿಮ್ಮಿನ ಒಳಅಂಚನ್ನು ಕಚ್ಚಿಕೊಂಡಿರುವ ತೆಳು ತಗಡು. ಅದು ಚಕ್ರದ ಜೊತೆಗೆ ಅಷ್ಟೇ ಬಾಗುವುದಿಲ್ಲ. ಎರಡು ಲೋಹಗಳು ಹೀಗೆ ಪ್ರತಿ ಸುತ್ತಿಗೂ ಒಂದರ ಮೇಲೊಂದು ಜಾರಿ ಉಜ್ಜಿಕೊಳ್ಳುವುದೇ ಸದ್ದಿನ ಮೂಲ. ಸುತ್ತಳತೆ ಸುಮಾರು 2 ಮೀಟರ್ ಇರುವ ಟೈರು ಗಂಟೆಗೆ 20 ಕಿಲೋಮೀಟರ್ ವೇಗದಲ್ಲಿ ಸೆಕೆಂಡಿಗೆ ಮೂರಕ್ಕಿಂತ ಸ್ವಲ್ಪ ಕಡಿಮೆ ಸುತ್ತು ಹಾಕುತ್ತದೆ. ನಿಮಗೆ ಕೇಳುವ ಸದ್ದಿನ ಲಯ ಈ ಲೆಕ್ಕಕ್ಕೆ ಹೊಂದಿದರೆ, ಅದು ಚಕ್ರದೊಂದಿಗೆ ತಿರುಗುವ ಯಾವುದೋ ಭಾಗದಿಂದಲೇ ಬರುತ್ತಿದೆ ಎಂದು ಧೈರ್ಯವಾಗಿ ಹೇಳಬಹುದು.

ಮುಚ್ಚಳವನ್ನು ದೂರುವ ಮೊದಲು ಅದರ ಹಿಂದೆ ಅಡಗಿರುವ ಚಕ್ರದ ನಟ್ಟುಗಳನ್ನು ನೋಡಲೇಬೇಕು. ಈ ಹಂತವನ್ನು ಯಾರೂ ಬಿಡಬಾರದೆಂದು ಒತ್ತಿ ಹೇಳುತ್ತೇನೆ. ಸಡಿಲವಾದ ನಟ್ಟು ಕೂಡ ಇದೇ ಬಗೆಯಲ್ಲಿ ‘ಟಿಕ್ ಟಿಕ್’ ಎನ್ನುತ್ತದೆ, ಆದರೆ ಅದರ ಪರಿಣಾಮ ಕಿವಿಗೆ ಕಿರಿಕಿರಿ ಎನ್ನುವಷ್ಟಕ್ಕೆ ನಿಲ್ಲುವುದಿಲ್ಲ. ನಾಲ್ಕೂ ಮುಚ್ಚಳಗಳನ್ನು ತೆಗೆದು, ಕಾರಿನ ಕೈಪಿಡಿಯಲ್ಲಿ ಹೇಳಿರುವ ಬಿಗಿತಕ್ಕೆ, ಎದುರುಬದುರಿನ ಕ್ರಮದಲ್ಲಿ ನಟ್ಟುಗಳನ್ನು ಬಿಗಿಮಾಡಿ. ಬಳಿಕ ಮುಚ್ಚಳಗಳಿಲ್ಲದೆ ಅದೇ ರಸ್ತೆಯಲ್ಲಿ, ಅದೇ ವೇಗದಲ್ಲಿ ಒಂದು ಸುತ್ತು ಹೋಗಿಬನ್ನಿ. ಸದ್ದು ಹಾಗೆಯೇ ಉಳಿದಿದ್ದರೆ ಬೇರಿಂಗು, ಬ್ರೇಕು ಮತ್ತು ಸಸ್ಪೆನ್ಶನ್ನಿನ ಕಡೆಗೆ ಗಮನ ಹರಿಸಬೇಕು. ಸದ್ದು ಅಡಗಿದ್ದರೆ ಮುಚ್ಚಳಗಳನ್ನು ಒಂದೊಂದಾಗಿ ಮರಳಿ ಕೂರಿಸುತ್ತ, ಪ್ರತಿ ಬಾರಿಯೂ ಕಾರನ್ನು ಓಡಿಸಿ ನೋಡಿದರೆ ತಪ್ಪಿತಸ್ಥ ಮುಚ್ಚಳ ಯಾವುದೆಂದು ತಿಳಿಯುತ್ತದೆ. ಒಳಗೆ ಕುಳಿತು ಕಿವಿಗೊಟ್ಟು ‘ಎಡಗಡೆಯ ಮುಂದಿನದು’ ಎಂದು ತೀರ್ಮಾನಿಸಿದ್ದು ನನ್ನ ಅನುಭವದಲ್ಲಿ ಹಲವು ಬಾರಿ ತಪ್ಪಾಗಿದೆ.

ಸದ್ದಿನ ಬಗೆಯೂ ಸುಳಿವು ಕೊಡುತ್ತದೆ. ನಯವಾದ ರಸ್ತೆಯಲ್ಲೂ ಲಯಬದ್ಧವಾಗಿ ಕಿರುಗುಟ್ಟಿದರೆ ಅದು ಹಲ್ಲು ಮತ್ತು ರಿಮ್ಮಿನ ನಡುವಿನ ಉಜ್ಜಾಟ. ಹೊರಟ ಕೂಡಲೇ ಗಲಗಲ ಎಂದು ಸದ್ದಾಗಿ, ವೇಗ ಗಂಟೆಗೆ ಸುಮಾರು 10 ಕಿಲೋಮೀಟರ್ ದಾಟುತ್ತಿದ್ದಂತೆ ನಿಂತುಹೋದರೆ ಮುಚ್ಚಳದೊಳಗೆ ಕಲ್ಲಿನ ಚೂರೋ ಬಿದ್ದುಹೋದ ಕ್ಲಿಪ್ಪೋ ಇದೆ ಎಂದರ್ಥ. ಆ ವೇಗದಲ್ಲಿ ಅದು ಹೊರಅಂಚಿಗೆ ಒತ್ತಿಕೊಂಡು ಸುಮ್ಮನಾಗುತ್ತದೆ. ಹಳ್ಳದಿಣ್ಣೆಗಳಲ್ಲಿ ಮಾತ್ರ ಝಣಝಣ ಎಂದರೆ ಮುಚ್ಚಳದ ಬಿಡಿಭಾಗಗಳೇ ತಮ್ಮತಮ್ಮೊಳಗೆ ಸಡಿಲಗೊಂಡಿವೆ.

ಮುಚ್ಚಳವನ್ನು ತೆಗೆಯುವ ಮುನ್ನ ಅದರ ಅಂಚಿನಿಂದ ರಿಮ್ಮಿನವರೆಗೆ ಸೀಮೆಸುಣ್ಣದಲ್ಲಿ ಒಂದು ಗೆರೆ ಎಳೆದು ಸ್ವಲ್ಪ ದೂರ ಓಡಿಸಿ. ಗೆರೆ ಮುರಿದಂತಾಗಿ ಎರಡು ತುದಿಗಳು ಅಕ್ಕಪಕ್ಕ ಸರಿದಿದ್ದರೆ ಮುಚ್ಚಳ ರಿಮ್ಮಿನ ಮೇಲೆ ಜಾರುತ್ತಿದೆ. ಇದನ್ನು ಹಗುರವಾಗಿ ಕಾಣಬಾರದು: ಜಾರುವ ಮುಚ್ಚಳದ ತೂತಿನ ಅಂಚು ಗಾಳಿ ತುಂಬುವ ವಾಲ್ವಿನ ರಬ್ಬರಿಗೆ ಒತ್ತಿ, ಕ್ರಮೇಣ ಅದನ್ನು ಕತ್ತರಿಸಬಲ್ಲದು. ವಾಲ್ವು ಒಂದು ಕಡೆಗೆ ವಾಲಿ ನಿಂತಿರುವುದು ಕಂಡರೆ, ಬುಡದಲ್ಲಿ ಗಾಯವಾಗಿದೆಯೇ ಎಂದು ಪರೀಕ್ಷಿಸಿ, ಗಾಯವಿದ್ದರೆ ಬದಲಾಯಿಸಿಯೇ ಮುಂದುವರಿಯಿರಿ.

ತೆಗೆಯುವಾಗ ಅಗಲವಾದ ಚಪ್ಪಟೆ ಮೀಟುಗೋಲಿಗೆ ಬಟ್ಟೆ ಸುತ್ತಿ, ಒಂದೇ ಕಡೆ ಬಲ ಹಾಕದೆ ಸುತ್ತಲೂ ಸ್ವಲ್ಪಸ್ವಲ್ಪವೇ ಮೀಟಬೇಕು. ತಗಡಿನ ಅಂಚು ಚೂಪಾಗಿರುವುದರಿಂದ ಕೈಗವಸು ಅಗತ್ಯ. ಎಲ್ಲ ಕಾರುಗಳಲ್ಲೂ ಹಲ್ಲು ಮುಚ್ಚಳದ ಮೇಲೆಯೇ ಇರುತ್ತದೆ ಎಂದುಕೊಳ್ಳಬಾರದು. ಉದಾಹರಣೆಗೆ, ಫೋಕ್ಸ್‌ವ್ಯಾಗನ್ ಬೀಟಲ್‌ನ ಹಳೆಯ ಹಬ್ ಕ್ಯಾಪುಗಳನ್ನು ಚಕ್ರಕ್ಕೆ ಜೋಡಿಸಿದ ಸ್ಪ್ರಿಂಗ್ ಕ್ಲಿಪ್ಪುಗಳು ಹಿಡಿದಿರುತ್ತವೆ. ಅಲ್ಲಿ ಗಮನಿಸಬೇಕಾದದ್ದು ಮುಚ್ಚಳಕ್ಕಿಂತ ಆ ಕ್ಲಿಪ್ಪುಗಳ ಬಿಗುವನ್ನು.

ಮುಚ್ಚಳ ಕೈಗೆ ಬಂದ ಮೇಲೆ ತೊಳೆಯುವ ಅವಸರ ಬೇಡ, ಮೊದಲು ಬೆಳಕಿಗೆ ಹಿಡಿದು ನೋಡಿ. ಉಜ್ಜಾಟ ನಡೆದ ಜಾಗಗಳು ತಾವಾಗಿಯೇ ಹೊಳೆಯುತ್ತಿರುತ್ತವೆ, ಅಥವಾ ಅವುಗಳ ಸುತ್ತ ಕಂದು ಬಣ್ಣದ ನುಣುಪಾದ ಪುಡಿ ಕೂತಿರುತ್ತದೆ. ರಿಮ್ಮಿನ ಮೇಲೂ ಅದಕ್ಕೆ ಸರಿಯಾಗಿ ಬಣ್ಣ ಕಿತ್ತ ಗುರುತುಗಳಿರುತ್ತವೆ. ಆ ಗುರುತುಗಳೇ ನಿಮ್ಮ ಕೆಲಸದ ನಕ್ಷೆ. ಅವುಗಳನ್ನು ಮಾರ್ಕರ್‌ನಿಂದ ಸುತ್ತುಹಾಕಿ ಇಟ್ಟುಕೊಂಡ ಬಳಿಕವಷ್ಟೇ ಸೋಪುನೀರಿನಲ್ಲಿ ತೊಳೆದು ಒಣಗಿಸಿ. ರಿಮ್ಮಿನಲ್ಲಿ ಹಲ್ಲು ಕೂರುವ ಜಾಗದ ತುಕ್ಕನ್ನು ತಂತಿಬ್ರಷ್ಷಿನಿಂದಲೂ ಉಜ್ಜುಕಾಗದದಿಂದಲೂ ತೆಗೆದು, ತೆಳುವಾಗಿ ಬಣ್ಣ ಬಳಿದು, ಅದು ಪೂರ್ತಿ ಗಟ್ಟಿಯಾಗುವವರೆಗೆ ಕಾಯಬೇಕು. ಹಸಿ ಬಣ್ಣದಲ್ಲಿ ಹಲ್ಲು ಹೂತುಕೊಂಡರೆ ಕೆಲವೇ ದಿನಗಳಲ್ಲಿ ಬಣ್ಣ ಕಿತ್ತು ಮತ್ತೆ ಹಳೆಯ ಸ್ಥಿತಿಗೇ ಬರುತ್ತದೆ.

ಇಲ್ಲಿ ಬಹಳ ಮಂದಿ ಗ್ರೀಸು ಹಚ್ಚಿ ಕೆಲಸ ಮುಗಿಸುತ್ತಾರೆ. ಸದ್ದು ಆ ದಿನಕ್ಕೆ ನಿಲ್ಲುವುದೂ ನಿಜ. ಆದರೆ ಗ್ರೀಸು ದೂಳನ್ನು ಹಿಡಿದಿಟ್ಟು ಉಜ್ಜುವ ಲೇಪವಾಗಿ ಮಾರ್ಪಡುತ್ತದೆ, ಮೇಲಾಗಿ ಮುಚ್ಚಳವನ್ನು ಹಿಡಿದಿಟ್ಟಿರುವ ಘರ್ಷಣೆಯನ್ನೇ ಕಸಿದುಕೊಳ್ಳುತ್ತದೆ. ಕಚ್ಚಿ ಹಿಡಿಯಬೇಕಾದ ಹಲ್ಲಿಗೆ ಜಾರುವ ಪದಾರ್ಥ ಹಚ್ಚುವುದನ್ನು ನಾನು ಒಪ್ಪುವುದಿಲ್ಲ.

ಹಲ್ಲುಗಳ ಬಿಗಿತವನ್ನು ಸರಿಪಡಿಸುವುದು ಅತ್ಯಂತ ತಾಳ್ಮೆಯ ಕೆಲಸ. ಅಗಲ ಬಾಯಿಯ ಇಕ್ಕಳದಿಂದ ಸಡಿಲವಾದ ಹಲ್ಲನ್ನು ಹೊರಕ್ಕೆ ಒಂದು ಮಿಲಿಮೀಟರಿನಷ್ಟು ಮಾತ್ರ ಬಾಗಿಸಿ, ಉಳಿದವುಗಳ ಸಾಲಿಗೆ ಬಂದಿದೆಯೇ ಎಂದು ನೋಡಬೇಕು. ಸ್ಪ್ರಿಂಗ್ ಉಕ್ಕನ್ನು ಹಿಂದಕ್ಕೂ ಮುಂದಕ್ಕೂ ಹಲವು ಬಾರಿ ಬಾಗಿಸಿದರೆ ಅದು ಬುಡದಲ್ಲಿ ಸೀಳಿ ಮುರಿಯುತ್ತದೆ. ಹಳೆಯ ಮುಚ್ಚಳಗಳಿಗೆ ಬದಲಿ ಸಿಗುವುದು ಕಷ್ಟವಾದ್ದರಿಂದ ಮೊದಲ ಬಾರಿಗೇ ಸರಿಯಾಗುವಂತೆ ಅಳೆದು ಬಾಗಿಸಬೇಕು. ಹೆಚ್ಚು ಬಿಗಿಯಾದಷ್ಟೂ ಒಳ್ಳೆಯದು ಎಂಬ ಎಣಿಕೆಯೂ ತಪ್ಪು. ಒಂದೆರಡು ಹಲ್ಲು ಮಾತ್ರ ಬಲವಾಗಿ ಒತ್ತಿ ಉಳಿದವು ಗಾಳಿಯಲ್ಲಿ ತೇಲಿದರೆ ಮುಚ್ಚಳ ಓರೆಯಾಗಿ ಕೂತು ಮೊದಲಿಗಿಂತ ಜೋರಾಗಿ ಕಿರುಗುಟ್ಟುತ್ತದೆ. ಬೇಕಾದದ್ದು ಸುತ್ತಲೂ ಸಮನಾದ ಹಿಡಿತ.

ಅದರ ನಂತರದ್ದು ಲೋಹಕ್ಕೂ ಲೋಹಕ್ಕೂ ನಡುವೆ ಮೆತ್ತನೆಯ ಪದರವೊಂದನ್ನು ತರುವ ಕೆಲಸ, ನನ್ನ ದೃಷ್ಟಿಯಲ್ಲಿ ನಿಜವಾದ ಪರಿಹಾರ. ಮುಚ್ಚಳದ ಹೊರತುಟಿ ರಿಮ್ಮಿಗೆ ತಾಗುವ ಕಡೆಗಳಲ್ಲಿ, ಹಲ್ಲುಗಳ ನಡುನಡುವೆ, ಕಾಳುಮೆಣಸಿನ ಗಾತ್ರದ ಸಿಲಿಕೋನ್ ಸೀಲಂಟ್ ಬೊಟ್ಟುಗಳನ್ನು ಇಡಿ. ವಿನೆಗರ್ ವಾಸನೆ ಬರುವ ಬಗೆಯ ಸಿಲಿಕೋನ್ ಒಣಗುವಾಗ ಅಸಿಟಿಕ್ ಆಮ್ಲವನ್ನು ಬಿಡುತ್ತದೆ ಮತ್ತು ಬರಿಯ ಉಕ್ಕಿಗೆ ತುಕ್ಕು ತರಿಸುತ್ತದೆ. ಆದ್ದರಿಂದ ನ್ಯೂಟ್ರಲ್ ಬಗೆಯದನ್ನೇ ಆರಿಸಿಕೊಳ್ಳಬೇಕು. ಬೊಟ್ಟುಗಳು ಮುಚ್ಚಳದ ಮೇಲೆಯೇ 24 ಗಂಟೆ ಒಣಗಿ ರಬ್ಬರಿನಂತಾಗಲಿ. ಹಸಿಯಿರುವಾಗಲೇ ಕೂರಿಸಿದರೆ ಮುಚ್ಚಳ ರಿಮ್ಮಿಗೆ ಅಂಟಿಕೊಂಡು, ದಾರಿಯಲ್ಲಿ ಟೈರು ಬದಲಾಯಿಸಬೇಕಾದಾಗ ಸಂಕಟವಾಗುತ್ತದೆ. ಸಿಲಿಕೋನ್ ಇಲ್ಲದಿದ್ದರೆ ಕಾರಿನ ವೈರುಗಳಿಗೆ ಸುತ್ತುವ ಬಟ್ಟೆಯ ಟೇಪನ್ನೋ, ಉದ್ದಕ್ಕೆ ಸೀಳಿದ ತೆಳು ರಬ್ಬರ್ ಕೊಳವೆಯನ್ನೋ ಅಂಚಿಗೆ ಹೊದಿಸಬಹುದು. ಬ್ರೇಕಿನ ಶಾಖ ಚಕ್ರದ ನಡುಭಾಗಕ್ಕೆ ಹರಡುವುದರಿಂದ ಕರಗಿಸಿ ಹಚ್ಚುವ ಅಂಟುಕಡ್ಡಿ ಇಲ್ಲಿ ನಿಲ್ಲುವುದಿಲ್ಲ. ಗಾಳಿಯಾಡಲು ಬಿಟ್ಟ ಕಿಂಡಿಗಳನ್ನೂ ನೀರಿಳಿಯುವ ತೂತುಗಳನ್ನೂ ಯಾವ ಕಾರಣಕ್ಕೂ ಮುಚ್ಚಬಾರದು.

ಹಲವು ಭಾಗಗಳನ್ನು ಸೇರಿಸಿ ಮಾಡಿದ ಮುಚ್ಚಳಗಳಲ್ಲಿ, ಅದರಲ್ಲೂ ಕಡ್ಡಿಚಕ್ರದಂತೆ ಕಾಣುವ ಮುಚ್ಚಳಗಳಲ್ಲಿ, ಪ್ರತಿಯೊಂದು ಕೂಡುಜಾಗವೂ ಸದ್ದು ಮಾಡಬಲ್ಲದು. ಮುಚ್ಚಳವನ್ನು ಕಿವಿಯ ಹತ್ತಿರ ಹಿಡಿದು ಬೆರಳಗೆಣ್ಣಿನಿಂದ ತಟ್ಟುತ್ತ ಹೋದರೆ ಸಡಿಲ ಜಾಗದಲ್ಲಿ ನಾದ ಒಡೆದಂತೆ ಕೇಳುತ್ತದೆ. ಹಿಂದಿನ ಮಡಿಕೆಗಳನ್ನು ಮರದ ತುಂಡಿನ ಆಸರೆ ಕೊಟ್ಟು ಮೆಲ್ಲಗೆ ತಟ್ಟಿ ಬಿಗಿಮಾಡಿ, ಪದರಗಳ ನಡುವೆ ಒಂದೊಂದು ಬೊಟ್ಟು ಸಿಲಿಕೋನ್ ಸೇರಿಸಿದರೆ ಸಾಕು. ನಡುವಿನ ಪ್ಲಾಸ್ಟಿಕ್ ಲಾಂಛನಕ್ಕೆ ಸುತ್ತಿಗೆ ತಾಗದಿರಲಿ.

ಅಂಚಿನ ಬಳೆಗಳ ವಿಷಯದಲ್ಲಿ ಇನ್ನೊಂದು ಸಂಗತಿಯಿದೆ. ಚಕ್ರದ ಸಮತೋಲಕ್ಕೆಂದು ರಿಮ್ಮಿನ ಹೊರಅಂಚಿಗೆ ಸಿಕ್ಕಿಸಿದ ಸೀಸದ ಅಥವಾ ಸತುವಿನ ತೂಕಗಳು ಬಳೆಯನ್ನು ಎತ್ತಿಹಿಡಿದು ಅದು ಸರಿಯಾಗಿ ಕೂರದಂತೆ ಮಾಡುತ್ತವೆ. ತೂಕವನ್ನು ನೀವೇ ಕಿತ್ತುಹಾಕಬೇಡಿ. ಟೈರಿನ ಅಂಗಡಿಯಲ್ಲಿ ರಿಮ್ಮಿನ ಒಳಗೆ ಅಂಟಿಸುವ ಬಗೆಯ ತೂಕಗಳನ್ನು ಹಾಕಿಸಿ ಸಮತೋಲವನ್ನು ಹೊಸದಾಗಿ ಮಾಡಿಸಬೇಕು.

ಮರಳಿ ಕೂರಿಸುವಾಗ ವಾಲ್ವನ್ನು ತೂತಿನ ನಡುವಿಗೆ ತಂದು, ಅದರ ಎರಡೂ ಪಕ್ಕದ ಹಲ್ಲುಗಳನ್ನು ಮೊದಲು ಒತ್ತಿ, ಅಲ್ಲಿಂದ ಅಂಗೈಯಿಂದ ಸುತ್ತಲೂ ಒತ್ತುತ್ತ ಬನ್ನಿ. ಕೊನೆಯ ಭಾಗಕ್ಕೆ ರಬ್ಬರ್ ಸುತ್ತಿಗೆ ಬೇಕಾದೀತು; ಏಟು ಹಲ್ಲಿನ ನೇರಕ್ಕೆ ಹೊರಅಂಚಿನ ಮೇಲೆ ಬೀಳಬೇಕೇ ಹೊರತು ನಡುವಿನ ಉಬ್ಬಿನ ಮೇಲಲ್ಲ. ಸೀಮೆಸುಣ್ಣದ ಗೆರೆಯನ್ನು ಹೊಸದಾಗಿ ಎಳೆದು, ತಿರುವುಗಳಿರುವ ಹತ್ತು ಕಿಲೋಮೀಟರ್ ದಾರಿಯಲ್ಲಿ ಓಡಿಸಿ, ನಿಲ್ಲಿಸಿ ನೋಡಿ. ಗೆರೆ ಕೂಡಿಕೊಂಡೇ ಇದ್ದು ಸದ್ದೂ ಇಲ್ಲವಾಗಿದ್ದರೆ ಉಳಿದ ಮೂರು ಮುಚ್ಚಳಗಳಿಗೂ ಇದೇ ಕ್ರಮ ಸಾಕು. ಗೆರೆ ಮತ್ತೆ ಸರಿದಿದ್ದರೆ ಹಲ್ಲನ್ನು ಇನ್ನಷ್ಟು ಬಾಗಿಸುವ ಮೊದಲು ಆ ರಿಮ್ಮು ಕಾರಿನೊಂದಿಗೆ ಬಂದದ್ದೇ, ಇಲ್ಲ ನಡುವೆ ಬದಲಾದದ್ದೇ ಎಂದು ವಿಚಾರಿಸಿ; ಒಳಅಂಚಿನ ಆಕಾರ ಬೇರೆಯಿರುವ ರಿಮ್ಮಿನಲ್ಲಿ ಹಲ್ಲಿಗೆ ಕಚ್ಚಲು ಜಾಗವೇ ಇರುವುದಿಲ್ಲ, ಮತ್ತು ಅಂಥ ಚಕ್ರದಿಂದ ಮುಚ್ಚಳ ಓಡುವಾಗಲೇ ಕಳಚಿ ಬೀಳುವ ಮೊದಲು ಸರಿಯಾದ ರಿಮ್ಮನ್ನು ಹುಡುಕಬೇಕಾಗುತ್ತದೆ.