ಹೊಸ ಮನೆ, ಹೊರಗೆ ಮಳೆ, ಒಳಗೆ ಪುಟ್ಟ ಮಗು

ಬೇರೆ ಭಾಷೆಯ ಊರಿಗೆ ಹೊಸದಾಗಿ ಬಂದ ಕನ್ನಡ ಕುಟುಂಬಗಳು ಅಲ್ಲಿನ ಕನ್ನಡ ಸಂಘದವರನ್ನು ಮೊದಲು ಕೇಳುವುದು ಬಾಡಿಗೆ ಕರಾರು, ಬ್ಯಾಂಕ್ ಖಾತೆ, ಡಾಕ್ಟರ ವಿಷಯ. ಅದೆಲ್ಲ ಮುಗಿದ ಮೇಲೆ ಯಾರಾದರೊಬ್ಬ ತಾಯಿ ದನಿ ತಗ್ಗಿಸಿ ಕೇಳುತ್ತಾರೆ: "ಮೂರು ದಿನದಿಂದ ಒಂದೇ ಸಮ ಮಳೆ. ಇವನನ್ನ ಮನೆಯೊಳಗೆ ಹೇಗ್ರೀ ಸುಧಾರಿಸೋದು?" ಆಟಿಕೆಗಳಿರುವ ಪೆಟ್ಟಿಗೆ ಇನ್ನೂ ದಾರಿಯಲ್ಲಿರುತ್ತದೆ. ಎತ್ತಿಕೊಳ್ಳಲು ಅಜ್ಜಿ ತಾತ ಹತ್ತಿರ ಇಲ್ಲ. ಕೆಳಗಿನ ಮನೆಯವರು ಎಂಥವರೋ ಗೊತ್ತಿಲ್ಲ. ಒಂದರಿಂದ ಮೂರು ವರ್ಷದ ಮಕ್ಕಳಿರುವ ಇಂಥ ಮನೆಗಳಿಗಾಗಿ ಇದನ್ನು ಬರೆದಿದ್ದೇವೆ.

ಮೊದಲ ಮಾತು: ಗಾಬರಿಯಾಗಿ ಆಟಿಕೆ ಕೊಳ್ಳಲು ಓಡಬೇಡಿ. 2018ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಅಮೆರಿಕದ ಟೊಲೆಡೊ ವಿಶ್ವವಿದ್ಯಾಲಯದವರು 18ರಿಂದ 30 ತಿಂಗಳ ಮಕ್ಕಳನ್ನು ಒಮ್ಮೆ 4 ಆಟಿಕೆಗಳ ನಡುವೆ, ಇನ್ನೊಮ್ಮೆ 16 ಆಟಿಕೆಗಳ ನಡುವೆ ಬಿಟ್ಟು ನೋಡಿದರು. ನಾಲ್ಕೇ ಇದ್ದಾಗ ಮಕ್ಕಳು ಒಂದೊಂದನ್ನೂ ಹೆಚ್ಚು ಹೊತ್ತು ಹಿಡಿದು, ಹೆಚ್ಚು ಬಗೆಗಳಲ್ಲಿ ಆಡಿದವು. ಸಾಮಾನು ಬರದ ಖಾಲಿ ಮನೆ ಈ ಒಂದು ವಿಷಯದಲ್ಲಿ ನಿಮ್ಮ ಪರವಾಗಿಯೇ ಇದೆ.

ಅದಕ್ಕಿಂತ ದೊಡ್ಡ ಅದೃಷ್ಟ ನಿಮ್ಮ ಮನೆಯ ಮೂಲೆಯಲ್ಲಿ ಬಿದ್ದಿದೆ: ಸಾಮಾನು ಬಿಚ್ಚಿದ ರಟ್ಟಿನ ಪೆಟ್ಟಿಗೆಗಳು. ನಾವು ಬಂದ ಹೊಸದರಲ್ಲಿ ನಮ್ಮ ಮಗಳಿಗೆ ಒಂದೂಮುಕ್ಕಾಲು ವರ್ಷ. ಪಾತ್ರೆ ತುಂಬಿ ತಂದಿದ್ದ ಪೆಟ್ಟಿಗೆ ಖಾಲಿಯಾಗುತ್ತಿದ್ದ ಹಾಗೇ ಅದರೊಳಗೆ ಹೋಗಿ ಕೂತಳು. ಹೊರಗೆ ಬಂದಳು, ಮತ್ತೆ ಕೂತಳು. ಅರ್ಧ ಗಂಟೆ ಅದೇ. ನಾನು ಪಕ್ಕಕ್ಕೆ ಮುಷ್ಟಿಯಷ್ಟು ಒಂದು ತೂತು ಕೊರೆದೆ. ಅದರೊಳಗಿಂದ ಕಾಲುಚೀಲ ತೂರಿಸುವುದು, ಆ ಕಡೆಯಿಂದ ಹೋಗಿ ಎತ್ತಿಕೊಂಡು ಬರುವುದು, ಮತ್ತೆ ತೂರಿಸುವುದು. ಒಗೆದು ಒಣಗಿಸಿದ್ದ ಏಳು ಜೊತೆ ಕಾಲುಚೀಲ ಆವತ್ತು ಜೊತೆ ತಪ್ಪಿದ್ದು ಇವತ್ತಿಗೂ ಪೂರ್ತಿ ಸೇರಿಲ್ಲ. ಈ ವಯಸ್ಸಿನವರಿಗೆ ತುಂಬುವುದು, ಸುರಿಯುವುದು, ಬಚ್ಚಿಡುವುದು, ಇಲ್ಲಿಂದ ಅಲ್ಲಿಗೆ ಸಾಗಿಸುವುದು, ಇಷ್ಟೇ ದೊಡ್ಡ ಕಸುಬು. ನಮಗೆ ಬೇಸರ ತರಿಸುವ ಆ ಪುನರಾವರ್ತನೆಯೇ ಅವರ ಕಲಿಕೆ. ನಡುವೆ ಬಾಯಿ ಹಾಕಿ "ಬಾ, ಬೇರೆ ಆಟ ಆಡೋಣ" ಎನ್ನಬೇಡಿ. ಪೆಟ್ಟಿಗೆ ಕೊಡುವ ಮುಂಚೆ ಲೋಹದ ಪಿನ್ನುಗಳನ್ನು ಕಿತ್ತುಹಾಕಿ, ಅಷ್ಟೇ.

ಬ್ರಿಟನ್ನಿನ ಶಿಶುಶಿಕ್ಷಣ ತಜ್ಞೆ ಎಲಿನಾರ್ ಗೋಲ್ಡ್‌ಶ್ಮೀಡ್ ಇಂಥ ಆಟಕ್ಕೆಂದೇ ಆಟಿಕೆಗಳ ಬದಲು ಮನೆಬಳಕೆಯ ಸಾಮಾನು ಕೊಡುವ ಪದ್ಧತಿಯನ್ನು ರೂಪಿಸಿದರು. ಡಬ್ಬ, ಮುಚ್ಚಳ, ಮರದ ಸೌಟು, ಬಟ್ಟೆ ತುಂಡು, ದಪ್ಪ ಸರಪಳಿ ಇವನ್ನೆಲ್ಲ ಮಗುವಿನ ಮುಂದಿಟ್ಟು ದೊಡ್ಡವರು ಸುಮ್ಮನೆ ಪಕ್ಕದಲ್ಲಿ ಕೂರುವುದು. ಸುಮ್ಮನೆ ಕೂರುವುದೇ ಕಷ್ಟದ ಭಾಗ.

ಆದರೆ ಕೂತು ಆಡಬೇಕಾದರೆ ಮೊದಲು ಮೈ ದಣಿದಿರಬೇಕು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಕೊಟ್ಟ ಮಾರ್ಗಸೂಚಿಯಂತೆ ಒಂದು, ಎರಡು ವರ್ಷದ ಮಕ್ಕಳಿಗೆ ದಿನಕ್ಕೆ ಕನಿಷ್ಠ 180 ನಿಮಿಷ ಓಡಾಟ ಬೇಕು. ಮೂರು ಗಂಟೆಯೇ ಎಂದು ಹೌಹಾರಬೇಡಿ. ಅದು ದಿನವಿಡೀ ಹಂಚಿಹೋಗುವ ಲೆಕ್ಕ. ನಡೆದದ್ದು, ಹತ್ತಿದ್ದು, ಕುಣಿದದ್ದು ಎಲ್ಲ ಸೇರಿ. ಮಳೆಯ ದಿನ ನಾವು ಮಾಡುವ ತಪ್ಪೆಂದರೆ ಬೆಳಿಗ್ಗೆಯೇ ಬಣ್ಣ, ಪುಸ್ತಕ ಹರಡಿ ಕೂರಿಸುವುದು. ಹತ್ತು ಗಂಟೆಯ ಹೊತ್ತಿಗೆ ರಂಪ ಶುರು. ಬದಲಿಗೆ ಎದ್ದ ಮೇಲೆ ಅರ್ಧ ಗಂಟೆ ಮೈ ಆಟ ಇಟ್ಟುಕೊಳ್ಳಿ. ಹಾಸಿಗೆಯನ್ನು ನೆಲಕ್ಕೆ ಎಳೆದು ಅದರ ಮೇಲೆ ಕುಪ್ಪಳಿಸಲು ಬಿಟ್ಟರೆ ಕೆಳಗಿನ ಮನೆಗೆ ಸದ್ದೂ ಕಡಿಮೆ. ಸೂಟ್‌ಕೇಸಿಗೆ ಒಂದಷ್ಟು ಬಟ್ಟೆ ತುಂಬಿ ಮಲಗಿಸಿ, ಕೋಣೆಯ ಈ ತುದಿಯಿಂದ ಆ ತುದಿಗೆ ತಳ್ಳಲು ಹೇಳಿ. ಭಾರ ತಳ್ಳುವ, ಹೊರುವ ಕೆಲಸದ ನಂತರ ಮಕ್ಕಳು ಎಷ್ಟು ತಣ್ಣಗಾಗುತ್ತಾರೆಂದು ನೀವೇ ನೋಡಿ. ನೆಲದ ಮೇಲೆ ಟೇಪು ಅಂಟಿಸಿದ ಗೆರೆ, ಮೇಜಿನ ಕೆಳಗಿನ ಗುಹೆ, ಅಪ್ಪನ ಬೆನ್ನ ಮೇಲೆ ಉಪ್ಪಿನಮೂಟೆ. ಅಪ್ಪನೂ ದಣಿಯುತ್ತಾರೆ ಅನ್ನುವುದು ನಿಜ.

ಮಧ್ಯಾಹ್ನದ ನಿದ್ದೆ ಮುಗಿದ ಮೇಲಿನ ಹೊತ್ತು ಎಲ್ಲಕ್ಕಿಂತ ಉದ್ದ. ಅದಕ್ಕೆ ನೀರಾಟವನ್ನು ಉಳಿಸಿಕೊಳ್ಳಿ. ಬಚ್ಚಲಲ್ಲಿ ದಪ್ಪ ಟವೆಲ್ ಹಾಸಿ, ಅಗಲದ ಟಬ್ಬಿನಲ್ಲಿ ಎರಡು ಬೆರಳಷ್ಟು ನೀರು, ಎರಡು ಲೋಟ, ಒಂದು ಸ್ಪಂಜು. ಸ್ಪಂಜು ಅದ್ದಿ ಇನ್ನೊಂದು ಪಾತ್ರೆಗೆ ಹಿಂಡುವ ಕೆಲಸ ಕೊಟ್ಟರೆ ಇಪ್ಪತ್ತು ನಿಮಿಷ ಆರಾಮಾಗಿ ಹೋಗುತ್ತದೆ. ಇಲ್ಲಿ ಮಾತ್ರ ಕಟ್ಟುನಿಟ್ಟು: ಕೆಲವೇ ಸೆಂಟಿಮೀಟರ್ ನೀರಿನಲ್ಲೂ ಪುಟ್ಟ ಮಗು ಮುಳುಗಬಹುದು, ಅದೂ ಸದ್ದಿಲ್ಲದೆ. ಬಾಗಿಲ ಗಂಟೆ ಬಾರಿಸಿದರೆ ಮಗುವನ್ನು ಎತ್ತಿಕೊಂಡೇ ಹೋಗಿ. ಆಟ ಮುಗಿದ ಕೂಡಲೇ ನೀರು ಚೆಲ್ಲಿ ಟಬ್ಬನ್ನು ಬೋರಲು ಹಾಕಿ.

ಅರ್ಧ ಜೋಡಿಸಿದ ಮನೆಯಲ್ಲಿ ಬೇರೆ ಅಪಾಯಗಳೂ ಇವೆ. ಪ್ಯಾಕಿಂಗಿನ ಪ್ಲಾಸ್ಟಿಕ್ ಕವರು, ಥರ್ಮಾಕೋಲ್ ಚೂರು, ಸಿಲಿಕಾ ಜೆಲ್ ಪೊಟ್ಟಣ ಇವನ್ನು ಬಿಚ್ಚಿದ ದಿನವೇ ಹೊರಗೆ ಹಾಕಿ. ಖಾಲಿ ಸೂಟ್‌ಕೇಸನ್ನು ಮುಚ್ಚಿ ಎತ್ತರದಲ್ಲಿಡಿ, ಕಣ್ಣಾಮುಚ್ಚಾಲೆಗೆ ಅದರೊಳಗೆ ನುಸುಳಬಾರದು. ಗೋಡೆಗೆ ಬಿಗಿಯದ ಪುಸ್ತಕದ ಕಪಾಟು, ಡ್ರಾಯರ್ ಪೆಟ್ಟಿಗೆಗಳು ಮಗು ಹತ್ತಿದರೆ ಮೇಲೆ ಬೀಳುತ್ತವೆ. ರಿಮೋಟಿನ ಗುಂಡಿಯಂಥ ಬ್ಯಾಟರಿ ನುಂಗಿದರೆ ಒಂದೆರಡು ಗಂಟೆಯಲ್ಲೇ ಅನ್ನನಾಳ ಸುಡಬಹುದು. ಅನುಮಾನ ಬಂದರೂ ಕಾಯದೆ ತುರ್ತು ಚಿಕಿತ್ಸೆಗೆ ಓಡಿ. ಟಾಯ್ಲೆಟ್ ಪೇಪರಿನ ರಟ್ಟಿನ ಕೊಳವೆಯೊಳಗೆ ತೂರುವ ಯಾವ ವಸ್ತುವನ್ನೂ ಮೂರು ವರ್ಷದ ಒಳಗಿನವರ ಕೈಗೆ ಕೊಡಬೇಡಿ.

ಮೊಬೈಲು, ಟೀವಿ? ವಿಶ್ವ ಆರೋಗ್ಯ ಸಂಸ್ಥೆಯ ಅದೇ ಮಾರ್ಗಸೂಚಿಯಲ್ಲಿ ಒಂದು ವರ್ಷದವರಿಗೆ ಪರದೆ ಬೇಡವೇ ಬೇಡ, ಎರಡು ವರ್ಷದವರಿಗೆ ಹೆಚ್ಚೆಂದರೆ 1 ಗಂಟೆ ಎಂದಿದೆ. ನಾಲ್ಕನೇ ದಿನದ ಮಳೆಗೆ ಯಾರ ಮನೆಯಲ್ಲಿ ಈ ನಿಯಮ ನಿಂತೀತು ಎಂದು ನಾನು ಲೆಕ್ಕ ಇಟ್ಟಿಲ್ಲ. ಅಜ್ಜಿ ತಾತನ ಜೊತೆ ವಿಡಿಯೋ ಕಾಲ್ ಬೇರೆ ಮಾತು. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯೂ 18 ತಿಂಗಳ ಒಳಗಿನವರಿಗೆ ಅದೊಂದಕ್ಕೆ ವಿನಾಯಿತಿ ಕೊಟ್ಟಿದೆ. ಆದರೆ "ಮಾತಾಡು ಪುಟ್ಟಾ, ಮಾತಾಡು" ಎಂದು ಒತ್ತಾಯಿಸಿದರೆ ಮಗು ಓಡುತ್ತದೆ. ಫೋನನ್ನು ಒಂದು ಕಡೆ ಒರಗಿಸಿಟ್ಟು ಮಗುವನ್ನು ಅದರ ಪಾಡಿಗೆ ಆಡಲು ಬಿಡಿ, ಅಜ್ಜಿ ನೋಡುತ್ತಾ ಮಾತಾಡಲಿ. ಮುಖಕ್ಕೆ ಸೆರಗು ಮುಚ್ಚಿ ತೆಗೆದರೆ ಇನ್ನೂ ಒಳ್ಳೆಯದು.

ನಾಳೆ ಮಗು ಶಿಶುವಿಹಾರಕ್ಕೆ ಹೋಗಲು ಶುರು ಮಾಡಿದರೆ ದಿನದ ಬಹುಪಾಲು ಬೇರೆ ಭಾಷೆಯಲ್ಲಿ ಕಳೆಯುತ್ತದೆ. ಈ ಮಳೆಯ ದಿನಗಳು ಪೂರ್ತಿ ನಿಮ್ಮವು. "ಇದೇನು? ಅದೇನು?" ಎಂದು ಪರೀಕ್ಷೆ ಮಾಡದೆ, ಮಗು ಮಾಡುತ್ತಿರುವುದನ್ನೇ ಕನ್ನಡದಲ್ಲಿ ಹೇಳುತ್ತಾ ಹೋಗಿ: ತುಂಬಿತು, ಚೆಲ್ಲಿತು, ಜಾರಿತು, ಒದ್ದೆ ಆಯ್ತು, ಖಾಲಿ!

ಗುಡುಗು ಇಲ್ಲದಿದ್ದರೆ ಹತ್ತು ನಿಮಿಷ ಹೊರಗೂ ಹೋಗಿ. ಮಳೆ ಎಂದರೆ ನೆಗಡಿ ಎಂದು ನಮಗೆ ಹೇಳಿ ಬೆಳೆಸಿದ್ದಾರೆ. ನೆಗಡಿ ಬರುವುದು ವೈರಸ್ಸಿನಿಂದ. ರೇನ್‌ಕೋಟು, ಬೂಟು ಹಾಕಿ, ನೀರು ನಿಂತ ಒಂದು ಗುಂಡಿ ತೋರಿಸಿದರೆ ಸಾಕು. ಗುಡುಗಿದರೆ ಒಳಗೆ ಬಂದು, ಕೊನೆಯ ಗುಡುಗಿನಿಂದ 30 ನಿಮಿಷ ಕಾಯಿರಿ. ಒದ್ದೆಯಾದ ಬೂಟಿನೊಳಗೆ ಹಳೆಯ ಕಾಗದ ತುರುಕಿಟ್ಟರೆ ಬೆಳಗಿನೊಳಗೆ ಬಹುಮಟ್ಟಿಗೆ ಒಣಗುತ್ತದೆ.

ರಟ್ಟಿನ ಪೆಟ್ಟಿಗೆ ಒಂದು ವಾರಕ್ಕಿಂತ ಬಾಳುವುದಿಲ್ಲ. ಹರಿದರೆ ಸಂಘದ ಗುಂಪಿನಲ್ಲಿ ಒಂದು ಮಾತು ಹಾಕಿ. ಈಚೆಗೆ ಮನೆ ಬದಲಿಸಿದವರು ಯಾರಾದರೂ ಇದ್ದೇ ಇರುತ್ತಾರೆ, ತಂದುಕೊಡುತ್ತಾರೆ.