ಯಾವ ನಾಗಮಂಗಲ?

“ಇದು ಯಾವ ನಾಗಮಂಗಲ ಕಣಮ್ಮ?” ಅಂತ ಗೈಡ್ ಮೇಡಂ ನನ್ನ ಟಿಪ್ಪಣಿಯ ಚೀಟಿಯೊಂದನ್ನು ಹಿಡಿದು ಕೇಳಿದಾಗ ನನಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. “ಮಂಡ್ಯ ಜಿಲ್ಲೆಯದು ಮೇಡಂ” ಅಂದೆ. “ಊರು ಗೊತ್ತು. ರೈಸ್ ಅವರ ಶಾಸನ ಸಂಪುಟದ್ದೋ, ಮೈಸೂರು ವಿಶ್ವವಿದ್ಯಾನಿಲಯದ್ದೋ?”

ನನ್ನ ಹತ್ತಿರ ಉತ್ತರ ಇರಲಿಲ್ಲ.

ಪಿಎಚ್‌ಡಿಗೆ ನಾನು ಹಿಡಿದಿದ್ದು ಮಂಡ್ಯ ಸೀಮೆಯ ಕೆರೆ ಶಾಸನಗಳನ್ನು. ಕೆರೆ ಕಟ್ಟಿಸಿದವರು ಯಾರು, ಹೂಳು ಎತ್ತುವ ಖರ್ಚು ಯಾರದು, ಕಟ್ಟಿದವನಿಗೆ ಕಟ್ಟುಗೊಡಗೆ ಅಂತ ಎಷ್ಟು ಗದ್ದೆ ಬಿಟ್ಟರು, ಇಂಥವು. ಇದಕ್ಕೆಲ್ಲ ಬುಡ ‘ಎಪಿಗ್ರಾಫಿಯಾ ಕರ್ನಾಟಿಕಾ’ ಅನ್ನುವ ಶಾಸನ ಸಂಪುಟಗಳ ಮಾಲೆ. ಶಾಸನತಜ್ಞ ಬಿ.ಎಲ್. ರೈಸ್ ಅದರ ಮೊದಲ ಸಂಪುಟ ತಂದದ್ದು 1886ರಲ್ಲಿ. ಆಗ ಮಂಡ್ಯ ಜಿಲ್ಲೆಯೇ ಇರಲಿಲ್ಲ, ಅದು ಆದದ್ದು 1939ರಲ್ಲಿ. ಹಾಗಾಗಿ ಈಗಿನ ಮಂಡ್ಯದ ಶಾಸನಗಳು ರೈಸ್ ಅವರಲ್ಲಿ ಮೈಸೂರು ಜಿಲ್ಲೆಯ 3 ಮತ್ತು 4ನೇ ಸಂಪುಟಗಳಲ್ಲಿ ಹಂಚಿಹೋಗಿವೆ. ನಾಗಮಂಗಲ ಇರುವುದು 4ರಲ್ಲಿ. ಆಮೇಲೆ ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆ ಪರಿಷ್ಕೃತ ಆವೃತ್ತಿ ತಂದಾಗ ನಾಗಮಂಗಲ 7ನೇ ಸಂಪುಟಕ್ಕೆ ಹೋಯಿತು. ಹೊಸ ಶಾಸನಗಳು ಸೇರಿದವು, ಸಂಖ್ಯೆಗಳೂ ಬದಲಾದವು.

ನಾನು ಚೀಟಿಯಲ್ಲಿ ಬರೆದುಕೊಂಡಿದ್ದು ಬರೀ ‘ನಾಗಮಂಗಲ 61’, ‘ಮಳವಳ್ಳಿ 12’ ಅಂತ, ತಾಲೂಕು ಮತ್ತು ಶಾಸನದ ಸಂಖ್ಯೆ ಅಷ್ಟೇ. ಅಂಥ ಚೀಟಿ 400ಕ್ಕೂ ಜಾಸ್ತಿ. ಹಳೆಯ ಸಂಪುಟದ ಪಿಡಿಎಫ್ ಮನೆಯಲ್ಲಿ ಓದುತ್ತಿದ್ದೆ, ಹೊಸದನ್ನು ಲೈಬ್ರರಿಯಲ್ಲಿ. ಯಾವ ಚೀಟಿ ಎಲ್ಲಿಯದು ಅಂತ ಚೀಟಿ ನೋಡಿದರೆ ಗೊತ್ತಾಗುತ್ತಿರಲಿಲ್ಲ. ಎರಡೂ ಸಂಪುಟ ಎದುರುಬದುರು ಇಟ್ಟುಕೊಂಡು, ಒಂದೊಂದೇ ಶಾಸನದ ಪಾಠ ಓದಿ ಹೊಂದಿಸಿದೆ. ಮೂರು ತಿಂಗಳು ಹಿಡಿಯಿತು. ಈಗ ಚೀಟಿ ಕೈಗೆತ್ತಿಕೊಂಡರೆ ಮೊದಲು ಬಲಮೂಲೆಯಲ್ಲಿ ಆವೃತ್ತಿ, ಸಂಪುಟ, ತಾಲೂಕು, ಸಂಖ್ಯೆ, ಪುಟ ಬರೆಯುತ್ತೇನೆ. ವಿಷಯ ಆಮೇಲೆ.

ಹಳೆಯ ಪ್ರಬಂಧಗಳನ್ನು ನೋಡಲು ಶೋಧಗಂಗಾ ಬಹಳ ಉಪಯೋಗಕ್ಕೆ ಬಂತು. ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಸಂಸ್ಥೆ ನಡೆಸುವ ಪ್ರಬಂಧಗಳ ಆನ್‌ಲೈನ್ ಭಂಡಾರ ಅದು, ದುಡ್ಡು ಕೊಡಬೇಕಿಲ್ಲ. ಆದರೆ ಕನ್ನಡ ಪ್ರಬಂಧಗಳಲ್ಲಿ ಎಷ್ಟೋ ಬರೀ ಸ್ಕ್ಯಾನ್ ಚಿತ್ರಗಳು, ಒಳಗಿನ ಪದ ಹುಡುಕಿದರೆ ಸಿಗುವುದಿಲ್ಲ. ಶೀರ್ಷಿಕೆಯನ್ನು ಕನ್ನಡದಲ್ಲೂ ಇಂಗ್ಲಿಷ್ ಅಕ್ಷರದಲ್ಲೂ, ಎರಡು ಮೂರು ಕಾಗುಣಿತದಲ್ಲಿ ಹೊಡೆದು ನೋಡಬೇಕು. ಸಿಕ್ಕಿದ ಮೇಲೆ ನಾನು ಮೊದಲು ತೆರೆಯುವುದು ಕೊನೆಯ ಗ್ರಂಥಸೂಚಿಯ ಫೈಲು. ಪೀಠಿಕೆ ಓದುತ್ತಾ ಕೂತರೆ ದಿನ ಹೋಗುತ್ತದೆ. ಅಡಿಟಿಪ್ಪಣಿಗಳನ್ನು ಮಾತ್ರ ಹಾಗೇ ಎತ್ತಿಕೊಳ್ಳಬೇಡಿ. ಒಂದು ಕೆರೆಯ ಶಕವರ್ಷ ಮೂರು ಪ್ರಬಂಧಗಳಲ್ಲಿ ಒಂದೇ ಥರ ತಪ್ಪಾಗಿತ್ತು. ಒಬ್ಬರದ್ದು ನೋಡಿ ಇನ್ನೊಬ್ಬರು ಬರೆದಿದ್ದಾರೆ, ಶಾಸನ ಯಾರೂ ತೆರೆದಿಲ್ಲ. ಶಕವರ್ಷಕ್ಕೆ 78 ಕೂಡಿಸಿದರೆ ಕ್ರಿಸ್ತಶಕ ಬಂತು ಅಂತ ನಾನೂ ಸುಮ್ನೆ ಕೂಡಿಸಿಕೊಂಡು ಹೋಗಿದ್ದೆ. ಮಾಘ, ಫಾಲ್ಗುಣ ಬರುವ ಹೊತ್ತಿಗೆ ಕ್ರಿಸ್ತಶಕದ ಹೊಸ ವರ್ಷ ಶುರುವಾಗಿರುವುದರಿಂದ ಆ ತಿಂಗಳ ಶಾಸನವಾದರೆ ಸಾಮಾನ್ಯವಾಗಿ 79 ಆಗುತ್ತದೆ, ಜೊತೆಗೆ ಸಂವತ್ಸರದ ಹೆಸರೂ ತಾಳೆಯಾಗಬೇಕು. ಇದನ್ನೂ ಮೇಡಮ್ಮೇ ಹೇಳಿಕೊಟ್ಟದ್ದು.

ಗ್ರಂಥಸೂಚಿಗೆ ಜೊಟೆರೊ ಅನ್ನುವ ಸಾಫ್ಟ್‌ವೇರ್ ಬಳಸಿದೆ, ಅದೂ ಉಚಿತ. ಒಂದೇ ತಕರಾರು, ಕನ್ನಡದ ಹೆಸರುಗಳನ್ನು ಅದು ಒಡೆದು ತಿರುಗಿಸುತ್ತದೆ. ಸಂಶೋಧಕ ಚಿದಾನಂದಮೂರ್ತಿಯವರ ಹೆಸರನ್ನು ಚಿದಾನಂದ ಮೂರ್ತಿ ಅಂತ ಜಾಗ ಬಿಟ್ಟು ಹೊಡೆದಿದ್ದಕ್ಕೆ ಅವರು ‘ಮ’ ಅಕ್ಷರದ ಕೆಳಗೆ ಹೋಗಿ ಕೂತಿದ್ದರು. ಲೇಖಕರ ಹೆಸರಿಗೆ ಎರಡು ಖಾನೆ ಬದಲು ಒಂದೇ ಖಾನೆ ಮಾಡಿಕೊಂಡರೆ ಸರಿಹೋಗುತ್ತದೆ.

ಇನ್ನು ಕೃತಿಚೌರ್ಯ ತಪಾಸಣೆ. ವಿಶ್ವವಿದ್ಯಾನಿಲಯ ಅನುದಾನ ಆಯೋಗದ (ಯುಜಿಸಿ) 2018ರ ನಿಯಮದ ಪ್ರಕಾರ ಹೋಲಿಕೆ ಶೇಕಡಾ 10ರ ಒಳಗಿದ್ದರೆ ದಂಡನೆ ಇಲ್ಲ. ನನ್ನದು ಸೊನ್ನೆ ಬಂತು! ಖುಷಿಪಟ್ಟು ಮನೆಗೆ ಫೋನ್ ಮಾಡಿ ಹೇಳಿದೆ. ಆಮೇಲೆ ನೋಡಿದರೆ, ಅಧ್ಯಾಯಗಳನ್ನೆಲ್ಲ ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ್ದೆ, ಯೂನಿಕೋಡ್ ಅಲ್ಲ. ಸಾಫ್ಟ್‌ವೇರ್ ಕಣ್ಣಿಗೆ ಅದು ಕನ್ನಡವೇ ಅಲ್ಲ, ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ. ಜಗತ್ತಿನಲ್ಲಿ ಅಂಥದ್ದು ಯಾರೂ ಬರೆದಿಲ್ಲ, ಹೋಲಿಕೆ ಎಲ್ಲಿಂದ ಬರಬೇಕು ಅಲ್ವಾ? ಯೂನಿಕೋಡಿಗೆ ಬದಲಾಯಿಸಿದೆ. ಅರ್ಕಾವತ್ತು, ಒತ್ತಕ್ಷರ ಅಲ್ಲಲ್ಲಿ ಕೆಟ್ಟವು, ಕೂತು ತಿದ್ದಿದೆ. ಮತ್ತೆ ಹಾಕಿಸಿದರೆ 14. ಎತ್ತಿ ಕೊಟ್ಟ ಶಾಸನಪಾಠಗಳೇ ಅದರಲ್ಲಿ ಹೆಚ್ಚು. ಅವಕ್ಕೆ ಉದ್ಧರಣ ಚಿಹ್ನೆ, ಆಕರ ಸರಿಯಾಗಿ ಹಾಕಿ ಲೆಕ್ಕದಿಂದ ಹೊರಗಿಟ್ಟ ಮೇಲೆ 6ಕ್ಕೆ ಇಳಿಯಿತು.

ಒಂದು ಚೀಟಿ ಮಾತ್ರ ಇವತ್ತಿಗೂ ನನ್ನ ಡ್ರಾಯರಿನಲ್ಲಿದೆ. ‘ತೂಬು ಒಡೆದಾಗ ಊರವರೇ ಕೂಡಿ ಕಟ್ಟಿದ್ದು – ಮದ್ದೂರು’ ಅಂತ ನನ್ನದೇ ಅಕ್ಷರ. ಸಂಖ್ಯೆ ಇಲ್ಲ. ಎರಡೂ ಆವೃತ್ತಿಯಲ್ಲಿ ಹುಡುಕಿದೆ, ಸಿಗಲಿಲ್ಲ. ಅದರ ಮೇಲೆ ಬರೆದ ಒಂದೂವರೆ ಪುಟವನ್ನು ಪ್ರಬಂಧದಿಂದ ತೆಗೆದುಬಿಟ್ಟೆ. ಆ ಅಧ್ಯಾಯದಲ್ಲಿ ಮೇಡಂಗೆ ಇಷ್ಟವಾಗಿದ್ದೇ ಅದು.